ಹೊಸ ಜಾಗಕ್ಕೆ ಬಾರದ ದನಿ

ಮನೆಯಿಂದ,
ಹನ್ನೊಂದನೇ ತಾರೀಖು, ಮಂಗಳವಾರ

ಪ್ರೀತಿಯ ಮಗಳೇ,

ಹೇಗಿದ್ದೀಯ? ಬೆನ್ನುನೋವು ಇಳಿಯಿತೇ? ಹಡಗಿನ ಇಂಜಿನ್‌ಗೆ ಹೊತ್ತುಹೊತ್ತಿಗೆ ಎಣ್ಣೆ ಹಾಕುವವಳು ತನ್ನ ಹೊಟ್ಟೆಗೆ ಏನೂ ಹಾಕಿಕೊಳ್ಳುವುದಿಲ್ಲ ಎಂದು ನನಗೆ ಗೊತ್ತು. ನಡುಸಮುದ್ರದಲ್ಲಿ ನಿನ್ನ ಫೋನಿಗೆ ಜೀವವಿರುವುದಿಲ್ಲವಲ್ಲ, ಅದಕ್ಕೇ ಮುಂದಿನ ಬಂದರಿನಲ್ಲಿ ಕೈಸೇರಲೆಂದು ನಿಮ್ಮ ಆಫೀಸಿನವರ ಮೂಲಕ ಈ ಕಾಗದ. ಅಪ್ಪನ ಗಂಟಲಿನ ಆಪರೇಷನ್ನಿನ ಗಾಯ ಒಣಗಿದೆ. ಮಾತು ಮಾತ್ರ ಇನ್ನು ಬರುವುದಿಲ್ಲ ಎಂದು ಡಾಕ್ಟರು ಮತ್ತೊಮ್ಮೆ ಹೇಳಿದರು, ಮೊದಲು ಹೇಳಿದ್ದು ಸಾಲದು ಎಂಬಂತೆ. ರೈಲು ಬರುವುದನ್ನೂ ಹೋಗುವುದನ್ನೂ ನಿಲ್ದಾಣಕ್ಕೆಲ್ಲ ಕೂಗಿ ಹೇಳುತ್ತಿದ್ದ ಮನುಷ್ಯ ಈಗ ಚಹಾ ಬೇಕಾದರೆ ಲೋಟ ಕುಟ್ಟುತ್ತಾರೆ. ‘ಬಂದೆ, ಒಡೆದೀತು’ ಎಂದು ನಾನು ರೇಗುತ್ತೇನೆ. ಅಷ್ಟಾದರೂ ಮಾತುಕತೆ ಇರಲಿ ಎಂದು.

ಈಗ ಸುದ್ದಿ. ನಿನ್ನನ್ನು ಮಲಗಿಸಲು ಅಪ್ಪ ಕೆಲಸಕ್ಕೆ ಹೊರಡುವ ಮುನ್ನ ಕ್ಯಾಸೆಟ್ಟಿನಲ್ಲಿ ಕಥೆ ಹೇಳಿಟ್ಟು ಹೋಗುತ್ತಿದ್ದರಲ್ಲ, ಅವನ್ನೆಲ್ಲ ನೀನು ಆನ್‌ಲೈನ್‌ನಲ್ಲಿ ಹಾಕಿಟ್ಟೆ. ಕ್ಯಾಸೆಟ್ಟುಗಳಂತೂ ಬೂಷ್ಟು ಹಿಡಿದು ಹೋದವು. ಆ ಕಂಪನಿಯವರು ಹಳೆಯ ಸೇವೆ ಮುಚ್ಚಿ ಹೊಸದನ್ನು ತರುತ್ತಿದ್ದಾರಂತೆ. ಕೆಳಗಿನ ಸ್ಟುಡಿಯೋದ ಫೋಟೋಗ್ರಾಫರ್ ಹೇಳಿದ, ಅವನು ತೆಗೆದ ಫೋಟೋಗಳೂ ಅಲ್ಲೇ ಇವೆ. ‘ಎಲ್ಲ ತಾನಾಗಿಯೇ ಹೊಸ ಜಾಗಕ್ಕೆ ಬರುತ್ತದೆ, ಚಿಂತೆ ಬೇಡ’ ಎಂದು ಅವನಿಗೆ ಬರೆದಿದ್ದರು. ಚಿಂತೆ ಬೇಡ ಎನ್ನುವವರನ್ನು ಕಂಡರೇ ನನಗೆ ಚಿಂತೆ. ನನ್ನ ಕನ್ನಡಕದ ಅಂಗಡಿಗೆ ಬೀಗ ಹಾಕಿ, ಅವನ ಜೊತೆ ಅವರ ಕಚೇರಿಗೇ ಹೋದೆ. ಅಲ್ಲಿ ನನ್ನಂಥವರದೇ ಸಾಲು. ಕೌಂಟರಿನ ಹುಡುಗಿ ಎಲ್ಲರಿಗೂ ಅದೇ ಪಾಠ ಒಪ್ಪಿಸುತ್ತಿದ್ದಳು: ಹೊಸದರಲ್ಲಿ ಜಾಗ ಹೆಚ್ಚು, ವೇಗ ಹೆಚ್ಚು. ಫೋಟೋಗ್ರಾಫರ್ ತಡೆಯಲಾರದೆ, “ಮದುವೆ ಫೋಟೋ ಕಳೆದುಹೋದ್ರೆ ಅವರಿಗೆಲ್ಲ ನೀವು ಇನ್ನೊಂದ್ಸಲ ಮದುವೆ ಮಾಡಿಸ್ತೀರಾ?” ಎಂದ. ಸಾಲೆಲ್ಲ ನಕ್ಕಿತು, ಅವನು ನಗಲಿಲ್ಲ. ನನ್ನ ಸರದಿ ಬಂದಾಗ, “ಹೊಸ ಮನೆ ದೊಡ್ಡದು ಅಂತ ಗೊತ್ತಾಯ್ತಮ್ಮ. ನನ್ನ ಪೆಟ್ಟಿಗೆ ಗಾಡಿ ಹತ್ತಿತಾ, ಅದು ಹೇಳು” ಎಂದೆ. ಅವಳು ಆಚೀಚೆ ನೋಡಿ ದನಿ ತಗ್ಗಿಸಿದಳು. “ಆಂಟಿ, ಹಳೇ ಥರದ ಆಡಿಯೋ ಹೋಗ್ತಿಲ್ಲ. ಯಾರ ಹೆಸರಲ್ಲಿದೆಯೋ ಅವರೇ ಈ ತಿಂಗಳೊಳಗೆ ಇಳಿಸ್ಕೋಬೇಕು. ಆಮೇಲೆ ಅಳಿಸಿಬಿಡ್ತಾರೆ.” ಹೆಸರು ನಿನ್ನದು, ಪಾಸ್‌ವರ್ಡ್ ನಿನ್ನ ತಲೆಯಲ್ಲಿ, ತಲೆ ಸಮುದ್ರದ ಮೇಲೆ.

ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಫೋನಿನಲ್ಲಿ ಬರೆದು ತೋರಿಸಿದರು: ‘ಹೋಗಲಿ ಬಿಡು.’ “ನಿಮ್ಮ ದನಿ ರೀ ಅದು!” ಎಂದೆ. ‘ಅದು ಸತ್ತವನ ದನಿ. ನಾನಿನ್ನೂ ಇದ್ದೀನಿ’ ಎಂದು ಬರೆದರು. ಮಾತು ಬಾರದವರ ಜೊತೆ ಜಗಳಕ್ಕೆ ನಿಲ್ಲಬಾರದು ಮಗಳೇ. ಕೂಗುವುದೆಲ್ಲ ನಮ್ಮದೇ ಆಗಿ, ಗೆಲ್ಲುವವರು ಅವರಾಗುತ್ತಾರೆ. ನಾನು ಗೋಡೆ ನಡುಗುವಂತೆ ಕೂಗಿದೆ. ಅವರು ನನಗೆ ಬೆನ್ನು ಹಾಕಿ, ಒರೆಸಿದ್ದ ಒಲೆಯನ್ನೇ ಮತ್ತೆ ಒರೆಸುತ್ತ ನಿಂತರು. ಭುಜ ಅದುರುತ್ತಿರುವುದು ಕಂಡಿತು. ಹತ್ತಿರ ಹೋಗಿ, “ಆಯ್ತು, ಆ ಮಾತು ಬಿಟ್ಟೆ” ಎಂದೆ. ಕೈಯಲ್ಲಿದ್ದ ಬಟ್ಟೆಯ ಸಮೇತ ನನ್ನ ಕೈ ಹಿಡಿದುಕೊಂಡರು. ಹಾಗಾಗಿ ನೀನೂ ತಲೆ ಕೆಡಿಸಿಕೊಳ್ಳಬೇಡ. ದನಿ ಅವರದು, ಅವರಿಷ್ಟದಂತೆ ಆಗಲಿ.

ತನ್ನ ಕೈ ನಿನ್ನ ತಲೆಯ ಮೇಲಿದೆ ಎಂದು ಬರೆ ಅಂತ ಅಪ್ಪ ಸನ್ನೆ ಮಾಡುತ್ತಿದ್ದಾರೆ. ಪಕ್ಕದಲ್ಲೇ ನನ್ನದೂ ಇದೆ.

ನಿನ್ನ
ಅಮ್ಮ

ತಾ.ಕ.: ಅಪ್ಪ ಇದನ್ನು ಓದಿ, ತಲೆಯಾಡಿಸಿ, ಲಕೋಟೆ ತರಲು ಕೆಳಗಿಳಿದಿದ್ದಾರೆ. ಅವರು ಬರುವಷ್ಟರಲ್ಲಿ ಬೇಗಬೇಗ ಇದನ್ನು ಬರೆಯುತ್ತಿದ್ದೇನೆ. ಬಂದರು ಮುಟ್ಟಿದ ಕೂಡಲೇ ಎಲ್ಲವನ್ನೂ ಇಳಿಸಿಕೊ, ಅವರಿಗೆ ಹೇಳಬೇಡ. ಕಥೆಗಳು ನಿನಗಿರಲಿ. ಯಾವುದೋ ಒಂದರ ಕೊನೆಯಲ್ಲಿ, ರೆಕಾರ್ಡರ್ ನಿಲ್ಲಿಸಲು ಮರೆತು, ಬಾಗಿಲಿನಿಂದ ನನ್ನನ್ನು ಕರೆದಿದ್ದಾರೆ: “ಏ ಇವಳೇ, ಬಾಗಿಲು ಹಾಕ್ಕೋ, ಹೊರಟೆ.” ಅದನ್ನು ನನಗೆ ಕಳಿಸು.