ಗುಡ್ಡದ ಹೂಜಿಗಿಡ ಇಲ್ಲಿನದೇ

ಅಪ್ಪಾ,

ನೀನೇ ಗೆದ್ದೆ. ಹೂಜಿಗಿಡ ನಮ್ಮ ದ್ವೀಪದ್ದೇ.

ಇವತ್ತು ಸಸ್ಯೋದ್ಯಾನದ ಕಚೇರಿಯಲ್ಲಿ ಹಳೇ ಬೀರು ತೆಗೆದಾಗ, ಒಣಗಿಸಿ ರಟ್ಟಿಗೆ ಅಂಟಿಸಿದ ಒಂದು ಗಿಡ ಸಿಕ್ಕಿತು. ನಮ್ಮ ಗುಡ್ಡದ್ದು, ನೂರಿಪ್ಪತ್ತು ವರ್ಷದ ಹಿಂದಿನದು. ಹೊರಗಿನಿಂದ ಗಿಡ ತರಿಸೋಕೆ ಆಗ ಈ ಉದ್ಯಾನವೇ ಹುಟ್ಟಿರಲಿಲ್ಲ. ಕಿತ್ತವನು ಹೂಜಿಯಂಥ ಎಲೆಯೊಳಗೆ ಬಿದ್ದ ಹುಳ ಕೊಡವದೆ ಹಾಗೇ ಒತ್ತಿಟ್ಟಿದ್ದಾನೆ. ಕಾಗದದ ತುಂಬ ಇರುವೆಗಳ ಕಂದು ಕಲೆ. ನೀನು ನೋಡಿದ್ದರೆ "ಯಾವ ಸೋಮಾರಿಯೋ" ಅಂತ ಬೈತಿದ್ದೆ. ಹೇಳೋಣ ಅಂತ ಮಾಲಿಗಳ ಕೋಣೆವರೆಗೂ ಹೋಗಿಬಿಟ್ಟೆ. ನೀನು ಟೋಪಿ ಹಾಕ್ತಿದ್ದ ಮೊಳೆಗೆ ಬೇರೆ ಯಾರದೋ ಟೋಪಿ ನೇತಾಡ್ತಿತ್ತು.

ಹುಳ ತಿನ್ನುವ ಗಿಡಗಳಲ್ಲಿ ಈ ದ್ವೀಪದ ಮೂಲದವು ಯಾವುವು ಅಂತ ನಾನು ಪಟ್ಟಿ ಮಾಡುವಾಗ, "ಪುಟ್ಟೀ, ಇದನ್ನ ನಮ್ಮಜ್ಜನೂ ಕಂಡಿದ್ದ ಕಣೇ" ಅಂದೆ ನೀನು.

"ನಿಮ್ಮಜ್ಜ ಬರೆದಿಟ್ಟಿದ್ದನಾ?" ಅಂತ ನಾನು ಎಲ್ಲರೆದುರು ಕೇಳಿದೆ. ನೀನು ಮಾಲಿ, ನಾನು ಓದಿದವಳು. 'ಹೊರಗಿನದು' ಅಂತ ಬರೆದೆ. ಹೊರಗಿನದನ್ನೆಲ್ಲ ಕೀಳಿಸಿ ಅಂತ ಆದೇಶ ಬಂತು. ಕೀಳುವ ಕೆಲಸ ನಿನ್ನ ಪಾಲಿಗೇ ಬಿತ್ತು. ನೀನು ಗುದ್ದಲಿ ಹಿಡಿದು ಗುಡ್ಡಕ್ಕೆ ಹೋದೆ.

ಇವತ್ತು ಸಂಜೆ ಆ ಪಟ್ಟಿ ತಿದ್ದಿದೆ. 'ಈಗ ಎಲ್ಲಿದೆ' ಅನ್ನುವ ಕಡೆ ಪೆನ್ನು ನಿಂತಿತು. ಗುಡ್ಡದಲ್ಲಿ ಒಂದೂ ಉಳಿದಿಲ್ಲ. ಪಟ್ಟಿ ಹಾಗೇ ಎತ್ತಿಕೊಂಡು ಮನೆಗೆ ಬಂದೆ. ನಲ್ಲಿ ನೀರು ಹಾಕಬೇಡ, ಮಳೆನೀರೇ ಸಾಕು ಅಂತ ಕೊನೇ ದಿನದವರೆಗೂ ಹೇಳ್ತಿದ್ದೆಯಲ್ಲ, ಹಿತ್ತಲ ಆ ಒಡಕು ಬಕೆಟ್ಟಿಗೆ. ಇವತ್ತು ಮೊದಲ ಸಲ ಅದರೊಳಗೆ ಬಗ್ಗಿ ನೋಡಿದೆ.

ಮೂರು ಹೂಜಿ ಬಿಟ್ಟಿದೆ.

ಬರೆದಿಟ್ಟಿದ್ದೀನಿ ಅಪ್ಪಾ: 'ಒಂದೇ ಗಿಡ. ಮಾಲಿಯ ಹಿತ್ತಲು.'