ಸುಟ್ಟ ಚಿಪ್‌ಗಳ ಕಂಪನಿ

ಮನೆಯಿಂದ,
ಮಾರ್ಚ್ ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ಇವಳೇ,

ನಿನ್ನ ಮೊಣಕಾಲು ಹೇಗಿದೆ? ಕಾಲು ಮುರಿದುಕೊಂಡ ತಂಗಿಯನ್ನು ನೋಡಿಕೊಳ್ಳಲು ಹೋದವಳು ನೀನೇ ಹಾಸಿಗೆ ಹಿಡಿಯಬೇಡ. ಅವರ ಮನೆಯ ಮೆಟ್ಟಿಲನ್ನು ದಿನಕ್ಕೊಮ್ಮೆ ಹತ್ತಿದರೆ ಸಾಕು. ನಾನು ಚೆನ್ನಾಗಿದ್ದೇನೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು, ಆದರೆ ಅಲ್ಲಿ ಫೋನ್ ಬಂದ ಕೂಡಲೇ ಸ್ಪೀಕರ್ ಹಾಕುತ್ತಾರೆ. ಈ ವಿಷಯ ನಿನ್ನ ತಂಗಿಯ ಗಂಡನ ಕಿವಿಗೆ ಬೀಳಬಾರದು.

ನೋಡು, ನನಗೆ ಹೊಟ್ಟೆಕಿಚ್ಚು. ನಿನ್ನ ಹತ್ತಿರ ಮುಚ್ಚಿಟ್ಟು ಏನು ಬಂತು? ಇಪ್ಪತ್ತೆರಡು ವರ್ಷ ಟಿವಿ ರಿಪೇರಿ ಮಾಡುತ್ತಾ, ಚಿಪ್‌ಗಳನ್ನು ಚಿಮಟದಲ್ಲಿ ಹಿಡಿದು ಹಿಡಿದು ಕಣ್ಣು ಹಾಳು ಮಾಡಿಕೊಂಡವನು ನಾನು. ಚಿಪ್ ಕಂಪನಿಯ ಷೇರು ಕೊಂಡು ಹೊಸ ಕಾರು ತಂದವನು ನಮ್ಮ ಷಡ್ಡಕ! ರಿಮೋಟಿಗೆ ಸೆಲ್ ಉಲ್ಟಾ ಹಾಕಿ, ಕೆಟ್ಟುಹೋಗಿದೆ ಎಂದು ನನ್ನ ಅಂಗಡಿಗೆ ಹೊತ್ತು ತಂದ ಮಹಾನುಭಾವ. ಎರಡು ವರ್ಷದ ಹಿಂದೆ ನಮ್ಮಲ್ಲಿಗೆ ಊಟಕ್ಕೆ ಬಂದಾಗ ಅವನೇ ಕೇಳಿದ್ದ, "ಅಣ್ಣಾ, ಯಾವ ಚಿಪ್ ಕಂಪನಿ ಒಳ್ಳೇದು?" ನಾನು ದೊಡ್ಡ ಪಂಡಿತನ ಹಾಗೆ, "ಇದೊಂದು ಮಾತ್ರ ಮುಟ್ಬೇಡಪ್ಪ, ಯಾವ ಟಿವಿ ಬಿಚ್ಚಿದ್ರೂ ಇದರದ್ದೇ ಸುಟ್ಟಿರುತ್ತೆ" ಎಂದು ಡಬ್ಬಿಯ ತುಂಬ ಸುಟ್ಟ ಚಿಪ್ ತೋರಿಸಿದ್ದೆ. ಅವನು ಹೋಗಿ ಅದನ್ನೇ ಕೊಂಡ. ಮೊನ್ನೆ ಕೇಳಿದರೆ, "ಎಲ್ಲಾ ಟಿವೀಲೂ ಅದೇ ಇದೆ ಅಂತ ನೀವೇ ಹೇಳಿದ್ರಲ್ಲಣ್ಣ" ಅನ್ನುತ್ತಾನೆ. ಕೆಡದೆ ಮನೆಮನೆಯಲ್ಲಿ ಓಡುತ್ತಿರುವ ಟಿವಿಗಳು ನನ್ನ ಅಂಗಡಿಗೆ ಬರುವುದಿಲ್ಲ ಎಂದು ನನಗೆ ಹೊಳೆಯಲೇ ಇಲ್ಲ. ಕೈಗೆ ಬಂದ ತುತ್ತನ್ನು ನಾನೇ ಅವನ ಬಾಯಿಗಿಟ್ಟೆ.

ಈ ವಾರ ಆ ಷೇರು ಧಡಕ್ಕನೆ ಬಿದ್ದಿದೆ. ಸುದ್ದಿ ಕೇಳಿ ಖುಷಿಗೆ ಎರಡು ಲೋಟ ಚಹಾ ಕುಡಿದೆ. ಆಮೇಲೆ ಪಕ್ಕದ ಕನ್ನಡಕದಂಗಡಿಯವನು, "ಬಿದ್ದಾಗ್ಲೇ ತಗೋಬೇಕು, ಮತ್ತೆ ಏಳುತ್ತೆ" ಅಂದ. ಏಳುತ್ತದೋ, ಇನ್ನೂ ಬೀಳುತ್ತದೋ, ಅವನಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಆದರೂ ಮನಸ್ಸು ಕೇಳುತ್ತಿಲ್ಲ. ನಿನ್ನ ಮೊಣಕಾಲಿನ ಆಪರೇಷನ್ನಿಗೆಂದು ಇಬ್ಬರ ಹೆಸರಿನಲ್ಲಿಟ್ಟ ಠೇವಣಿ ಇದೆಯಲ್ಲ, ಅದನ್ನು ಮುರಿದರೆ ಕೊಳ್ಳಬಹುದು. ಆಪರೇಷನ್ ಒಂದಾರು ತಿಂಗಳು ತಡವಾದೀತು, ಅಷ್ಟೇ. ಬ್ಯಾಂಕಿನ ಫಾರಂ ಜೊತೆಗಿದೆ, ನನ್ನ ಸಹಿ ಆಗಿದೆ, ನಿನ್ನದು ಹಾಕಿ ಕಳಿಸು. ಕಾರಿಗೆ ಮಾರಿ ಉಳಿದ ಷೇರನ್ನು ಅವನು ಮಾರಿದನೋ ಇಟ್ಟುಕೊಂಡಿದ್ದಾನೋ, ಮೆಲ್ಲಗೆ ತಂಗಿಯ ಬಾಯಿ ಬಿಡಿಸು.

ಅವಳು ಬೇಗ ಎದ್ದು ಓಡಾಡಲಿ ಎಂದು ನನ್ನ ಆಶೀರ್ವಾದ ತಿಳಿಸು. ಅವನನ್ನೂ ಕೇಳಿದೆ ಎನ್ನು, ಆದರೆ ಬಹಳ ಕೇಳಿದೆ ಎನ್ನಬೇಡ.

ಇಂತಿ,
ನಿನ್ನ 'ಇವರು'

ತಾ.ಕ.: ಲಕೋಟೆ ಅಂಟಿಸಲು ಕೂತವನಿಗೆ ಕೈ ಬರಲಿಲ್ಲ. ಫಾರಂ ಹರಿದು ಹಾಕಿದೆ, ಹುಡುಕಬೇಡ. ನಾಳೆ ಆಸ್ಪತ್ರೆಗೆ ಹೋಗಿ ಆಪರೇಷನ್ನಿಗೆ ತಾರೀಖು ತರುತ್ತೇನೆ. ಮೊನ್ನೆ ನಾವು ಫೋನಿನಲ್ಲಿ ಮಾತಾಡುವಾಗ ನಿನ್ನ ಪಕ್ಕದಲ್ಲಿ ಷಡ್ಡಕ ಏನೋ ಜೋಕು ಹೇಳಿದ, ನನಗೆ ಸರಿಯಾಗಿ ಕೇಳಿಸಲಿಲ್ಲ, ನೀನು ಬಿದ್ದು ಬಿದ್ದು ನಕ್ಕೆ. ಆ ನಗು ಈ ಮನೆಯಲ್ಲಿ ಕೇಳಿ ಎಷ್ಟು ವರ್ಷವಾಯಿತೋ. ಅಂದಿನಿಂದ ಹೊಟ್ಟೆ ಉರಿಯುತ್ತಿದೆ. ದುಡ್ಡು ಬಂದರೆ ನನ್ನ ಮಾತಿಗೂ ಹಾಗೆ ನಗುತ್ತೀಯೇನೋ ಅಂದುಕೊಂಡುಬಿಟ್ಟೆ. ಅವನು ಹೇಳಿದ್ದು ಯಾವ ಜೋಕು? ಪೂರ್ತಿ ಬರೆದು ಕಳಿಸು.