ಗೊಬ್ಬರ ಹಾಕಿದ ಸಬ್ಬಸಿಗೆ

೧೨ ಜನವರಿ ೧೯೭೬
ಅದೇ ಉಪ್ಪಿಟ್ಟು, ಅದೇ ಬಸ್ಸು. ಲ್ಯಾಬಿನಲ್ಲಿ ಕುಂಡದಲ್ಲಿ ಬೆಳೆಸಿದ ಹುರುಳಿಕಾಯಿಯ ರಿಸಲ್ಟ್ ಬಂತು. ಮಣ್ಣು, ದಿನಾ ಬೆಳಿಗ್ಗೆ ಸೊಪ್ಪು ಮಾರಲು ಬರುವ ನರಸಮ್ಮನವರ ಹೊಲದ್ದು — ಬಾಪೂಜಿ ನಗರದಾಚೆ, ಹಳೇ ಬ್ಯಾಟರಿ ತೊಳೆಯುವ ಶೆಡ್ಡಿನ ನೀರು ಹರಿಯುವ ಜಾಗ. ಮಣ್ಣಿನ ತುಂಬ ಸೀಸದ ವಿಷ. ಕೊಟ್ಟಿಗೆ ಗೊಬ್ಬರ ಬೆರೆಸಿದ ಕುಂಡಗಳ ಕಾಯಲ್ಲಿ ಮಾತ್ರ ಇಲ್ಲವೆನ್ನುವಷ್ಟು ಕಡಿಮೆ! ಡೆಮಾನ್‌ಸ್ಟ್ರೇಟರ್ ಲಕ್ಷ್ಮೀಪತಿಗೆ, ಅಂದರೆ ನನಗೆ, ಭಾರೀ ಖುಷಿ. ಹೇಳಿಕೊಳ್ಳಲು ರೂಮಿನಲ್ಲಿ ಯಾರಿದ್ದಾರೆ?

೧೩ ಜನವರಿ, ಬೆಳಿಗ್ಗೆ ೭
ನರಸಮ್ಮ ಬುಟ್ಟಿ ಇಳಿಸಿದರು. ವಿಜಯನಗರದಲ್ಲಿ ನನ್ನನ್ನು ಮಾತಾಡಿಸುವವರು ಇವರೊಬ್ಬರೇ. ಹೇಳಿದೆ.
“ಅಂಗಾರೆ ತಿನ್ಬೋದಾ ಸಾರ್?”
“ಗೊಬ್ಬರ ಚೆನ್ನಾಗಿ ಹಾಕಿ. ಏನೂ ಆಗಲ್ಲ.”
ಪರೀಕ್ಷೆ ಮಾಡಿದ್ದು ಕಾಯಿ. ಅವರು ಬೆಳೆಯುವುದು ಸೊಪ್ಪು. ಮುಖ ಅರಳಿದ್ದು ನೋಡಿ ಅದನ್ನು ಹೇಳಲಿಲ್ಲ.

೧೯ ಫೆಬ್ರವರಿ
ಅವರ ಮಗಳು ಪುಟ್ಟಲಕ್ಷ್ಮಿಗೆ ಗಂಡು ಮಗು. ಹತ್ತು ದಿನವಾಯಿತಂತೆ.
“ಬಾಣಂತಿಗೆ ಎರಡು ಹೊತ್ತೂ ಸಬ್ಬಸಿಗೇನೇ ಸಾರ್. ಹಾಲು ಚೆನ್ನಾಗಿ ಬರ್ತೈತೆ. ಗೊಬ್ಬರದ ಪಾತೀದು — ಮಾರಲ್ಲ, ಅವಳಿಗೇ ಮಡಗಿವ್ನಿ.”
ನನಗೂ ಒಂದು ಕಟ್ಟು, ಪುಕ್ಕಟೆ. ಪಲ್ಯ ಮಾಡಲು ಮನಸ್ಸಾಗಲಿಲ್ಲ. ಯಾಕೋ ಅನುಮಾನ… ಲ್ಯಾಬಿಗೆ ಒಯ್ದೆ.

೨೪ ಫೆಬ್ರವರಿ
ಎಲೆಯಲ್ಲಿ ಸೀಸ. ಮಿತಿಯ ಮೂರು ಪಟ್ಟು. ಪರೀಕ್ಷೆ ಮತ್ತೆ ಮಾಡಿದೆ — ಅಷ್ಟೇ ಬಂತು. ಗೊಬ್ಬರ ವಿಷವನ್ನು ಅಲ್ಪಸ್ವಲ್ಪ ಇಳಿಸಿರಬಹುದು. ಜೊತೆಗೆ ಸೊಪ್ಪನ್ನು ಸೊಂಪಾಗಿಯೂ ಬೆಳೆಸಿದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

೨೭ ಫೆಬ್ರವರಿ
ನರಸಮ್ಮ ಮೂರು ಬೆಳಿಗ್ಗೆ ಬಂದು ಹೋದರು. ಹೇಳಲಿಲ್ಲ. ಹೇಳಿದರೆ ಬರುವುದನ್ನೇ ನಿಲ್ಲಿಸುತ್ತಾರೆ. ನನ್ನ ಹೆದರಿಕೆ ಅದೇ, ಬೇರೇನಲ್ಲ. ಬಾಣಂತಿಗೆ ಮೂರು ದಿನದಲ್ಲಿ ಆರು ಊಟ. ನಾಚಿಕೆಗೆಟ್ಟವನು ನಾನು.

೨೮ ಫೆಬ್ರವರಿ
ಹೇಳಿದೆ. ಬುಟ್ಟಿ ಇನ್ನೂ ತಲೆಯ ಮೇಲೇ ಇತ್ತು.
“ನೀವೇ ಅಂದ್ರಲ್ಲ ಸಾರ್…”
ಇಳಿಸದೆ ಹೋದರು.

೬ ಮಾರ್ಚ್
ಬರಲಿಲ್ಲ. ಏಳಕ್ಕೆ ಬಾಗಿಲು ತೆಗೆದಿಡುತ್ತೇನೆ. ಎಂಟಕ್ಕೆ ಹಾಕಿಕೊಂಡು ಬಸ್ಸಿಗೆ ಹೋಗುತ್ತೇನೆ.

೮ ಮಾರ್ಚ್, ಬೆಳಿಗ್ಗೆ ೭-೧೦
ಬಂದಿದ್ದಾರೆ. ಬುಟ್ಟಿ ಇಲ್ಲ. ಸೆರಗಿನೊಳಗಿಂದ ಔಷಧಿ ಬಾಟ್ಲಿ ತೆಗೆದರು. ಅರ್ಧ ಹಾಲು. ಇನ್ನೂ ಬೆಚ್ಚಗಿದೆ.
“ಪುಟ್ಟಲಕ್ಷ್ಮೀದು. ಇದ್ರಾಗೂ ಐತಾ ನೋಡಿ ಸಾರ್.”
ಎರಡು ದಿನ ಬೇಕು ಎಂದೆ.
“ಅಲ್ಲೀಗಂಟ ಕೂಸಿಗೆ ಕುಡಿಸ್ಲಾ, ಬ್ಯಾಡ್ವಾ? ನೀವ್ ಹೇಳ್ದಂಗೆ ಮಾಡ್ತೀನಿ.”
ಈ ಪುಸ್ತಕ ತೆಗೆದು ಕೂತಿದ್ದೇನೆ. ನಾನೇನೋ ಲೆಕ್ಕ ಹಾಕುತ್ತಿದ್ದೇನೆ ಎಂದುಕೊಂಡು ಬಾಗಿಲಲ್ಲಿ ನಿಂತಿದ್ದಾರೆ. ನಾನು ಬರೆಯುತ್ತಿರುವುದು ಇದನ್ನೇ. ಮತ್ತೆ ಕೇಳುತ್ತಿದ್ದಾರೆ.
“ಸಾರ್? ಕುಡಿಸ್ಲಾ?”
ನಾನು…